ಬಾವಿಯ ಸಿಳ್ಳೆ

ಅಪ್ಪನ ಸಿಳ್ಳೆ ಹಿತ್ತಾಳೆಯದು, ಹೆಬ್ಬೆರಳಿನಷ್ಟು.
ದಾರ ಕಟ್ಟಿ ಬಾವಿಗೆ ಬಿಟ್ಟರೆ
ನೀರು ಮುಟ್ಟಿದ ಕ್ಷಣ ಒಳಗಿನ ಗಾಳಿ ಮೇಲೆದ್ದು ಕೂಗುವುದು.
ಕೂಗಿದಲ್ಲಿಗೆ ದಾರ ಹಿಡಿ, ಮೊಳ ಹಾಕು, ಬರೆದುಕೋ.
ಇಷ್ಟೇ ವಿದ್ಯೆ. ಬಾವಿ ತೋಡುವ ಕೀತೊ
ಮಗಳಿಗೆ ಬಿಟ್ಟುಹೋದ ಆಸ್ತಿ.

ಲುಸಾಟಿಯದ ಮರಳುನೆಲ ನಮ್ಮದು.
ಆಗ ನಾಲ್ಕು ಮೊಳಕ್ಕೇ ನೀರು;
ಹಿತ್ತಲ ಲಿಂಡೆನ್ ಮರ ಬೇರು ಚಾಚಿ
ಯಾರ ಹಂಗಿಲ್ಲದೆ ಕುಡಿಯುತ್ತಿತ್ತು.

ಇಪ್ಪತ್ತೆರಡಕ್ಕೆ ಗಣಿಯವರು ಕೆಲಸ ಕೊಟ್ಟರು:
ತಿಂಗಳಿಗೊಮ್ಮೆ ಅರವತ್ತು ಬಾವಿ,
ಒಂದು ಸೈಕಲ್ಲು, ಒಂದು ನೀಲಿ ವಹಿ.
ಒಂದನೇ ನಂಬರು ನಮ್ಮ ಹಿತ್ತಲಿನದೇ.
ಕಂದು ಕಲ್ಲಿದ್ದಲು ಬೇಕೆಂದರೆ
ಮೊದಲು ನೆಲವನ್ನು ಹಿಂಡಬೇಕು;
ಒದ್ದೆ ಗುಂಡಿಯಲ್ಲಿ ಯಂತ್ರ ಕಾಲೂರುವುದಿಲ್ಲ.
ಹಗಲೂ ಪಂಪು, ಇರುಳೂ ಪಂಪು.
ನಾಲ್ಕು, ಏಳು, ಹನ್ನೊಂದು.
ಸಿಳ್ಳೆ ಪ್ರತಿ ತಿಂಗಳು ಇನ್ನಷ್ಟು ದೂರದಿಂದ,
ಯಾರೋ ಮನೆ ಬಿಟ್ಟು ನಡೆಯುತ್ತ
ನಡುನಡುವೆ ತಿರುಗಿ ಕರೆದ ಹಾಗೆ.
ಒಂದು ಸೋಮವಾರ ಮರಳಿಗೆ ಬಿತ್ತು. ಕೂಗಲಿಲ್ಲ.
'ಒಣ' ಎಂದು ಬರೆದು ಸೈಕಲ್ಲು ಹತ್ತಿದೆ.
ಸಂಬಳ ಬಂತು. ಆ ಚಳಿಗಾಲ
ಅದೇ ಇದ್ದಲು ನನ್ನ ಒಲೆಯಲ್ಲಿ ಚೆನ್ನಾಗಿಯೇ ಉರಿಯಿತು.

ಅತ್ತ ಹೊಳೆ ಮಾತ್ರ ತುಂಬಿ ಹರಿಯಿತು, ಅದೇ ಮೋಜು.
ಎತ್ತಿದ್ದನ್ನೆಲ್ಲ ಶ್ಪ್ರೇಗೆ ಸುರಿದರು.
ಕೆಳಗಣ ಕಾಲುವೆಗಳಲ್ಲಿ ದೋಣಿಯವರು ಕೋಲು ಹಾಕುತ್ತ,
ಪ್ರವಾಸಿಗರಿಗೆ ಸವತೆಯ ಉಪ್ಪಿನಕಾಯಿ ಮಾರುತ್ತ,
"ಬೇಸಗೆಯಲ್ಲೂ ಎಂಥ ನೀರು ನೋಡಿ!" ಎಂದರು.
ನಾನು ಲೆಕ್ಕ ಬರೆದ ನೀರು.

ಆಮೇಲೆ ನಮ್ಮೂರು ಹೋಯಿತು.
ಚರ್ಚಿನ ಗಂಟೆ ಲಾರಿ ಹತ್ತಿತು, ಗೋರಿಗಳೂ ಹತ್ತಿದವು.
ಬಾವಿಯನ್ನು ಸಾಗಿಸಲಾದೀತೆ?
ಸುತ್ತಲಿನ ಮಣ್ಣು ತೆಗೆದ ದಿನ
ಅಪ್ಪ ಕಟ್ಟಿದ ಕಲ್ಲಿನ ಸುತ್ತು
ಬಯಲಲ್ಲಿ ಗೋಪುರದಂತೆ ನಿಂತಿತ್ತು ಅರ್ಧ ದಿನ,
ಒಳಗೆ ಕತ್ತಲು, ಹೊರಗೆ ಬಿಸಿಲು.
ಊಟದ ಹೊತ್ತು ಕಳೆದ ಮೇಲೆ ಬಿತ್ತು.

ಗಣಿ ಮುಚ್ಚಿತು. ಪಂಪು ನಿಂತಿತು. ನೀರು ಮರಳಿತು.
ಹಬ್ಬ ಮಾಡೋಣವೆಂದರೆ
ಬಂದವಳು ಹೋದವಳಲ್ಲ.
ಕೆದರಿದ ಗಂಧಕದ ಮಣ್ಣನ್ನೆಲ್ಲ ತೊಳೆದು
ತುಕ್ಕು ಹೊತ್ತು, ಹುಳಿ ಹೊತ್ತು
ಹೊಸ ಊರಿನ ನೆಲಮಾಳಿಗೆಗೆ ನುಗ್ಗಿದಳು.
ಜಾಡಿಗಳು ತೇಲಿದವು.
ಗುಂಡಿ ಈಗ ಸರೋವರ. ಸುಣ್ಣದ ದೋಣಿಯೊಂದು
ಬೆಳಗಿನಿಂದ ಸಂಜೆವರೆಗೆ ಬಿಳಿ ಉಗುಳುತ್ತದೆ;
ಕನ್ನಡಿಯಂಥ ತಿಳಿ, ಒಂದು ಮೀನಿಲ್ಲ.
ಹೊಳೆಯೋ, ಸಣಕಲಾಗಿ, ಹಳೆ ಚಹಾದ ಬಣ್ಣ.
ದೋಣಿಯವರೀಗ ಪ್ರವಾಸಿಗರಿಗೆ ಕೊಕ್ಕರೆ ತೋರಿಸುತ್ತಾರೆ,
ಅಲ್ಲಿ, ಮೇಲೆ, ಮೇಲೆ ನೋಡಿ.

ಅಜ್ಜಿ ಹೇಳುತ್ತಿದ್ದಳು: ಸಂತೆಗೆ ಬರುವ ನೀರುಮನುಷ್ಯನನ್ನು
ಗುರುತಿಸುವುದು ಸುಲಭ, ಅಂಗಿಯ ಅಂಚು ಸದಾ ಒದ್ದೆ.
ಈಗ ನಮ್ಮೆಲ್ಲರ ಅಂಚೂ ಒದ್ದೆ, ಕಂದು.
ಯಾರನ್ನು ಗುರುತಿಸುವುದು?

ಈಸ್ಟರಿನ ನಸುಕಿಗೆ ಹುಡುಗಿಯರು
ಹರಿವ ನೀರು ತರಬೇಕು, ತುಟಿ ಬಿಚ್ಚದೆ.
ಹುಡುಗರು ದಾರಿಯುದ್ದಕ್ಕೂ ಕೆಣಕುವರು;
ಮಾತಾಡಿದೆಯೋ, ಗುಣ ಹೋಯಿತು, ಬರೀ ಹರಟೆನೀರು.
ನಾನೊಮ್ಮೆಯೂ ಮಾತಾಡಲಿಲ್ಲ. ಹೆಸರಿತ್ತು ಅದಕ್ಕೆ:
ವೋರ್ಶಾ ಬಾಯಿ ಬಿಡುವವಳಲ್ಲ.
ಗಣಿಯವರಿಗೂ ಗೊತ್ತಿತ್ತು.

ಈ ಸಲವೂ ಹೋದೆ, ಎಪ್ಪತ್ತರ ಮಂಡಿಯೂರಿ.
ಗಾಜಿನ ಹೂಜಿ ಕಿಟಕಿಯಲ್ಲಿಟ್ಟೆ. ಮಧ್ಯಾಹ್ನಕ್ಕೆ
ಮೇಲೆ ತಿಳಿ, ತಳದಲ್ಲಿ ಎರಡು ಬೆರಳು ತುಕ್ಕು.
ಮೊಮ್ಮಗಳು ಲೆಂಕಾ ಬಗ್ಗಿ ನೋಡಿ
"ಇದರಲ್ಲಿ ಏನು ಹಾಕಿದರು? ಯಾರು?" ಅಂದಳು.

ಅಟ್ಟದಲ್ಲಿ ನೀಲಿ ವಹಿಗಳಿವೆ, ಮೂವತ್ತೊಂದು,
ಇಳಿಸಿಕೊಂಡು ಬಾ ಮಗೂ, ಎಂದೆ.
ಧೂಳು ಒರೆಸಿ, ಒಂದನೇ ನಂಬರಿನಿಂದ
ಓದತೊಡಗಿದೆ, ಗಟ್ಟಿಯಾಗಿ:
ನಾಲ್ಕು ಮೊಳ.
ನಾಲ್ಕು ಮೊಳ.
ನಾಲ್ಕೂವರೆ.